ಲಂಡನ್ ಬ್ಯಾಂಕುಗಳ ಹಿಂದೂ ನೆಟ್‌ವರ್ಕ್: ಒಳಗಿನ ಜಾತಿ ಬಗ್ಗೆ ಯಾಕೆ ಮೌನ?

ಲಂಡನ್ನಿನ ಹಣಕಾಸು ಕೇಂದ್ರ 'ಸಿಟಿ'ಯಲ್ಲಿ ಬರೀ ಅಂಕಪಟ್ಟಿ ಇಟ್ಟುಕೊಂಡು ಮೇಲೇರೋದು ಕಷ್ಟ. ಖಾಲಿ ಹುದ್ದೆ ಬಗ್ಗೆ ಮೊದಲೇ ಕಿವಿಗೆ ಹಾಕೋರು, ಬಡ್ತಿ ಸಭೆಯಲ್ಲಿ ನಿಮ್ಮ ಹೆಸರು ಎತ್ತೋರು ಯಾರಾದರೂ ಬೇಕು. ಸಿರಿವಂತ ಬಿಳಿಯರಿಗೆ ಖಾಸಗಿ ಶಾಲೆ, ಆಕ್ಸ್‌ಫರ್ಡ್, ಕ್ಲಬ್ಬುಗಳು ಈ ಕೆಲಸ ಮಾಡಿಕೊಡುತ್ತಾ ಬಂದಿವೆ. ವಲಸೆ ಬಂದವರ ಮಕ್ಕಳಿಗೆ ಅಂಥದ್ದೇನೂ ಇರಲಿಲ್ಲ.

2021ರ ಜನಗಣತಿ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಿಂದೂಗಳು ಸುಮಾರು 10 ಲಕ್ಷ, ಅಂದರೆ ಶೇ. 1.7. ಇಷ್ಟು ಸಣ್ಣ ಸಮುದಾಯದ ಬ್ಯಾಂಕ್ ನೌಕರರು 'ಸಿಟಿ ಹಿಂದೂಸ್ ನೆಟ್‌ವರ್ಕ್'ನಂಥ ವೇದಿಕೆ ಕಟ್ಟಿಕೊಂಡಿದ್ದು ಸಹಜ. ಹೊಸಬರಿಗೆ ಹಿರಿಯರ ಮಾರ್ಗದರ್ಶನ, ದೀಪಾವಳಿಗೊಂದು ಕೂಟ, ಕಷ್ಟಕ್ಕೆ ಫೋನ್ ಮಾಡೋಕೆ ಒಬ್ಬರು ಸಿಗೋದು ಸಣ್ಣ ವಿಷಯವಲ್ಲ.

ಆದರೆ 'ಹಿಂದೂ' ಅಂದಾಗ ಜಾತಿಯೂ ಜೊತೆಗೇ ಬರುತ್ತೆ. ಲೋಹಾಣ, ಪಾಟಿದಾರ್ ಅಂತ ಜಾತಿವಾರು ಸಮಾಜಗಳು ಬ್ರಿಟನ್ನಿನಲ್ಲೂ ಇವೆ. ಯಾವ ಊರು, ಅಡ್ಡಹೆಸರೇನು, ಪ್ಯೂರ್ ವೆಜ್ಜಾ? ಇಂಥ ಎರಡು ಮೂರು ಪ್ರಶ್ನೆ ಸಾಕು, ಜಾತಿ ಪತ್ತೆ. ಶಿಫಾರಸು ನಡೆಯುವ ಜಾಗದಲ್ಲಿ ಈ ಪತ್ತೆಗೆ ಬೆಲೆ ಇದೆ. ಬಿಳಿ ಮ್ಯಾನೇಜರ್‌ಗೆ ಇದು ಕಾಣೋದೂ ಇಲ್ಲ.

ಕಾನೂನು ಏನು ಹೇಳುತ್ತೆ? 2010ರ ಸಮಾನತಾ ಕಾಯ್ದೆ ಧರ್ಮ, ಜನಾಂಗದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಜಾತಿಯನ್ನೂ ಅದರಲ್ಲಿ ಸೇರಿಸಬೇಕೆಂದು 2013ರಲ್ಲಿ ಪಾರ್ಲಿಮೆಂಟೇ ಸರ್ಕಾರಕ್ಕೆ ಹೇಳಿತ್ತು. ಹಲವು ಹಿಂದೂ ಸಂಘಟನೆಗಳು ವಿರೋಧಿಸಿದವು. 2018ರಲ್ಲಿ ಸರ್ಕಾರ ಕೈಬಿಟ್ಟಿತು. ಮನೆಗೆಲಸದ ಆದಿವಾಸಿ ಮಹಿಳೆಯೊಬ್ಬರ ಪ್ರಕರಣದಲ್ಲಿ 2014ರ ನ್ಯಾಯಮಂಡಳಿ ತೀರ್ಪು ಬಂದಿದೆ, ಅದೇ ಸಾಕು ಅಂತ ಸಮಜಾಯಿಷಿ ಕೊಟ್ಟಿತು. ಆ ತೀರ್ಪು ಹೇಳಿದ್ದಿಷ್ಟೇ: ಕೆಲವು ಸಂದರ್ಭಗಳಲ್ಲಿ ಜಾತಿ 'ಜನಾಂಗೀಯ ಮೂಲ'ದ ವ್ಯಾಪ್ತಿಗೆ ಬರಬಹುದು. ಅಂದರೆ ಪ್ರತಿಯೊಬ್ಬರೂ ತಮ್ಮ ಪ್ರಕರಣ ಅದಕ್ಕೆ ಹೊಂದುತ್ತೆ ಅಂತ ವಾದಿಸಿ ಗೆಲ್ಲಬೇಕು.

ಕಾನೂನು ಬಂದರೆ ಇಡೀ ಸಮುದಾಯಕ್ಕೆ ಕಳಂಕ ಅನ್ನೋದು ವಿರೋಧಿಗಳ ಆತಂಕ. ವಲಸಿಗರ ಮೇಲೆ ದ್ವೇಷ ಕಾರುವ ಜನ ಅಲ್ಲಿದ್ದಾರೆ, ಹಾಗಾಗಿ ಇದನ್ನು ಪೂರ್ತಿ ತಳ್ಳಿಹಾಕೋಕಾಗಲ್ಲ. ಆದರೆ ವರ್ಣಭೇದದ ವಿರುದ್ಧ ರಕ್ಷಣೆ ಕೇಳುವಾಗ ಇದೇ ಸಮುದಾಯ 'ಬಿಳಿಯರಿಗೆ ಕಳಂಕ' ಅಂತ ಯೋಚಿಸಲಿಲ್ಲವಲ್ಲ?

ಹಾಗಾದರೆ ಈ ನೆಟ್‌ವರ್ಕ್‌ಗಳು ಏನು ಮಾಡಬಹುದು? ಸರ್ಕಾರಕ್ಕೆ ಕಾಯಬೇಕಿಲ್ಲ. ತಮ್ಮ ನಿಯಮಾವಳಿಯಲ್ಲಿ 'ಜಾತಿ ತಾರತಮ್ಯ ನಿಷಿದ್ಧ' ಅಂತ ಒಂದು ಸಾಲು ಬರೆಯಲಿ. ಮಾರ್ಗದರ್ಶಕರು ಯಾರಿಗೆ ಸಿಗುತ್ತಾರೆ ಅನ್ನೋದು ಖಾಸಗಿ ಪರಿಚಯದಲ್ಲಿ ತೀರ್ಮಾನವಾಗದೆ, ಬಹಿರಂಗ ಅರ್ಜಿಯಿಂದ ಆಗಲಿ. ದೂರು ಕೇಳೋಕೆ ಸಮುದಾಯದ ಹೊರಗಿನವರೊಬ್ಬರು ಇರಲಿ.

2015ರಿಂದ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ನಿಂತಿದೆ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಆತನೂ ಹಣಕಾಸಿನವನೇ. ಆತ ಕಟ್ಟಿದ ಕೂಟದಲ್ಲಿ ಸಮಗಾರ ಹರಳಯ್ಯನಿಗೂ ಜಾಗವಿತ್ತು. ಸಿಟಿಯ ಹಿಂದೂ ಕೂಟಗಳಲ್ಲಿ ಇವತ್ತಿನ ಹರಳಯ್ಯನ ಮಗಳು ತನ್ನ ಅಡ್ಡಹೆಸರು ಮುಚ್ಚಿಡದೆ ಕೂರಬಹುದಾ? ಉತ್ತರ ಕೊಡಬೇಕಾದ್ದು ಅವನ್ನು ನಡೆಸುವವರು.