ಕೆನ್ನೆ ತುಂಬಿಸಿಕೊಳ್ಳುವ ಮುನ್ನ...

‘ಬರೀ ಇಂಜೆಕ್ಷನ್ ತಾನೇ’ ಅಂತ ಯಾರಾದ್ರೂ ಹೇಳಿದರೆ ತಕ್ಷಣ ತಲೆಯಾಡಿಸಬೇಡಿ. ಗುಳಿಬಿದ್ದ ಕೆನ್ನೆಗೆ ಕೊಬ್ಬು ತುಂಬಲು ಮೊದಲು ಅದನ್ನು ನಿಮ್ಮದೇ ಹೊಟ್ಟೆ ಅಥವಾ ತೊಡೆಯಿಂದ ಹೀರಿ ತೆಗೆಯಬೇಕು. ಅಂದರೆ ಇದು ಲೈಪೊಸಕ್ಷನ್ ಕೂಡ ಹೌದು. ಪಾರ್ಲರ್ ಕೆಲಸವಲ್ಲ, ಶಸ್ತ್ರಚಿಕಿತ್ಸೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು ಕೇವಲ 21. ಆಪರೇಷನ್ ಆದದ್ದು ಒಂದು ಕಡೆ, ಸ್ಥಿತಿ ಕೆಟ್ಟಾಗ ಸಾಗಿಸಿದ್ದು ಇನ್ನೊಂದು ಆಸ್ಪತ್ರೆಗೆ. ಮುಖಕ್ಕೆ ಬೇಕಾಗುವ ಕೊಬ್ಬು ಸ್ವಲ್ಪವೇ, ಅಪಾಯವೂ ಅಷ್ಟಿಲ್ಲ, ನಿಜ. ಆದರೂ ಆ ಸಾವು ಕಲಿಸಿದ ಎಚ್ಚರ ಇಲ್ಲಿಗೂ ಬೇಕು.

ಏನನ್ನು ನಿರೀಕ್ಷಿಸಬಹುದು? ಮೊದಲ ಒಂದೆರಡು ವಾರ ಮುಖ ಊದಿ, ಅಲ್ಲಲ್ಲಿ ನೀಲಿಗಟ್ಟಿರುತ್ತೆ. ಮದುವೆ ಹತ್ತು ದಿನ ಇದೆ ಅನ್ನುವಾಗ ಹೋಗಲೇಬೇಡಿ! ತುಂಬಿದ ಕೊಬ್ಬಿನಲ್ಲಿ ಒಂದು ಪಾಲನ್ನು, ಕೆಲವರಲ್ಲಿ ಅರ್ಧಕ್ಕಿಂತ ಹೆಚ್ಚನ್ನು, ದೇಹವೇ ಕರಗಿಸಿಬಿಡುತ್ತೆ. ಉಳಿದದ್ದೆಷ್ಟು ಎಂದು ತಿಳಿಯಲು 3ರಿಂದ 6 ತಿಂಗಳು ಬೇಕು. ಎರಡನೇ ಸಲವೂ ಹೋಗಬೇಕಾದೀತು, ಖರ್ಚೂ ಅಷ್ಟೇ. ತೂಕ ಏರಿದರೆ ಆ ಕೊಬ್ಬೂ ಹಿಗ್ಗುತ್ತೆ. ಅಪರೂಪಕ್ಕೆ ಕೊಬ್ಬು ರಕ್ತನಾಳ ಸೇರಿದರೆ ದೃಷ್ಟಿಯೇ ಹೋಗಬಹುದು, ಪಾರ್ಶ್ವವಾಯುವೂ ಆಗಬಹುದು.

ಚೆಂದ ಕಾಣುವ ಆಸೆ ತಪ್ಪಲ್ಲ. ಆದರೆ ಅಡ್ವಾನ್ಸ್ ಕಟ್ಟುವ ಮೊದಲು ಕೇಳಿ: ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಮಾಡಿದ್ದಾರಾ? ಕೆಪಿಎಂಇ ಕಾಯ್ದೆಯ ನೋಂದಣಿ ಪತ್ರ ಇದೆಯಾ? ಅರಿವಳಿಕೆ ಕೊಡುವವರು ಯಾರು? ತುರ್ತಿಗೆ ಐಸಿಯು ಎಲ್ಲಿದೆ? ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವವರ ಕೈಗೆ ನಿಮ್ಮ ಮುಖ ಕೊಡಬೇಡಿ.