ರತ್ನಗಂಬಳಿಯ ಬೆನ್ನು

ನಡುಮನೆಗೊಂದು ರತ್ನಗಂಬಳಿಯನ್ನು ಕೊಳ್ಳಬೇಕೆಂದು ವರುಷಗಟ್ಟಲೆ ಹಣ ಕೂಡಿಡುವ ಗೃಹಿಣಿಯರು ಹಲವರುಂಟು. ಬಣ್ಣಕ್ಕೆ ಮರುಳಾಗಿ, ಕೈಗಂಟಿನ ಬೆಲೆ ತೆತ್ತು ಅಂಟಿನ ಕಂಬಳಿಯನ್ನು ತಂದರೆ ಆ ಉಳಿತಾಯವೆಲ್ಲ ವ್ಯರ್ಥವೇ ಸರಿ. ಆದುದರಿಂದ ಸೋದರಿಯರು ಅಂಗಡಿಯಲ್ಲಿ ಮೊದಲು ಕಂಬಳಿಯ ಬೆನ್ನನ್ನು ತಿರುವಿ ನೋಡತಕ್ಕದ್ದು.

ನೆಲಹಾಸುಗಳ ರಚನೆಯಲ್ಲಿ ಮುಖ್ಯವಾದ ಬಗೆಗಳು ಮೂರು. ಮೊದಲನೆಯದು ಹಾಸುಹೊಕ್ಕಿನಿಂದಲೇ ನೆಯ್ದ ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಸ್ತ್ರೀಯರು ಹತ್ತಿಯ ನೂಲಿನಿಂದ ನೆಯ್ಯುವ, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಜಮಖಾನವು ಈ ಜಾತಿಯದು. ಎರಡನೆಯದು ಕಾಶ್ಮೀರ, ಭದೋಹಿಗಳಲ್ಲಿ ಕೈಯಿಂದ ಗಂಟುಹಾಕುವ ರತ್ನಗಂಬಳಿ. ಒಂದೊಂದು ಗಂಟನ್ನೂ ಹಾಸಿನ ಎಳೆಗೆ ಕಟ್ಟುವುದರಿಂದ ಮುಖದ ಚಿತ್ರವೆಲ್ಲ ಬೆನ್ನಿನಲ್ಲಿಯೂ ಕಾಣುವುದು. ಅಂಚಿನ ಕುಚ್ಚು ಹಾಸಿನ ನೂಲೇ ಆಗಿರುವುದು. ಚಿತ್ರವು ಬೆನ್ನಿನಲ್ಲಿದ್ದರೂ ಕುಚ್ಚನ್ನು ಬೇರೆಯಾಗಿ ಹೊಲಿದಿದ್ದರೆ ಅದು ಸಾಮಾನ್ಯವಾಗಿ ಯಂತ್ರದ ನೇಯ್ಗೆ. ಮೂರನೆಯದು ಬಟ್ಟೆಯೊಳಕ್ಕೆ ಎಳೆಗಳನ್ನು ಚುಚ್ಚಿ, ರಬ್ಬರಿನ ಅಂಟನ್ನು ಬಳಿದು, ಬೆನ್ನಿಗೆ ಇನ್ನೊಂದು ಬಟ್ಟೆಯನ್ನು ಮೆತ್ತಿದುದು. ವರುಷಗಳು ಕಳೆದಂತೆ ಆ ಅಂಟು ಒಣಗಿ ಪುಡಿಯಾಗಿ ಉದುರುವುದು. ಇದನ್ನು ಕೊಳ್ಳಬಾರದೆಂದಲ್ಲ, ಅದಕ್ಕೆ ತಕ್ಕ ಬೆಲೆಯನ್ನೇ ಕೊಡಬೇಕು.

ಇನ್ನು ನೂಲಿನ ವಿಚಾರ. ಉಣ್ಣೆಯು ತುಳಿದರೂ ಮತ್ತೆ ಎದ್ದು ನಿಲ್ಲುವುದು, ಬೇಗನೆ ಉರಿ ಹತ್ತದು. ಆದರೆ ನುಸಿಗೆ ಆಹಾರವಾಗುವುದು. ಹತ್ತಿಯು ಒಗೆಯಲು ಅನುಕೂಲ. ಸೆಣಬು ತೇವದಲ್ಲಿ ಕೊಳೆಯುವುದು. ಪಾಲಿಪ್ರೊಪಿಲೀನ್ ಎಂಬ ಕೃತಕ ನೂಲು ಅಗ್ಗ, ನೀರನ್ನು ಹೀರದು. ಆದರೆ ತುಳಿತಕ್ಕೆ ಬೇಗ ಚಪ್ಪಟೆಯಾಗುವುದು. ರೇಷ್ಮೆಯಂತೆ ಹೊಳೆಯುವ ವಿಸ್ಕೋಸ್ ನೂಲನ್ನು ಮರದ ತಿರುಳಿನಿಂದ ಮಾಡುವರು; ನೆನೆದರೆ ಅದರ ಬಲ ಕುಂದುವುದು.

ಸಂಶಯವಿದ್ದಲ್ಲಿ ವರ್ತಕರ ಅನುಮತಿಯಿಂದ ಮೇಲ್ಮುಖದ ಒಂದೆಳೆಯನ್ನು ತೆಗೆದು, ಕಂಬಳಿಯಿಂದ ದೂರದಲ್ಲಿ ಇಕ್ಕಳದಿಂದ ಹಿಡಿದು ಸುಟ್ಟು ನೋಡಬಹುದು. ಉಣ್ಣೆಯೂ ರೇಷ್ಮೆಯೂ ಕೂದಲು ಸುಟ್ಟ ವಾಸನೆ ಕೊಡುವುವು. ಹತ್ತಿ, ವಿಸ್ಕೋಸ್‌ಗಳದು ಕಾಗದ ಸುಟ್ಟ ವಾಸನೆ. ಕೃತಕ ನೂಲು ಕರಗಿ ಗಟ್ಟಿಯಾದ ಮಣಿಯಾಗುವುದು.

ಹಸುಗೂಸುಗಳಿರುವ ಮನೆಗೂ ಊಟದ ಕೋಣೆಗೂ ಉಣ್ಣೆಯ ಕಂಬಳಿಗಿಂತ ಜಮಖಾನವೇ ಉತ್ತಮ. ಅದನ್ನು ಕೊಡವಿ ಬಿಸಿಲಿಗೆ ಹಾಕುವುದು ಸುಲಭ. ಎರಡು ಬದಿಯೂ ಒಂದೇ ಆದುದರಿಂದ ಒಂದು ಮಾಸಿದರೆ ಇನ್ನೊಂದನ್ನು ತಿರುವಿ ಹಾಸಬಹುದು. ಕೈಗಂಟಿನ ಕಂಬಳಿಗೆ ಹಣ ಸಾಲದಿದ್ದರೆ, ಸಾಲಮಾಡದೆ, ಒಳ್ಳೆಯ ಜಮಖಾನವೊಂದನ್ನು ಕೊಳ್ಳುವುದು ಲೇಸು.