ಕೂತು ನೋಡಲೊಂದು ಜಾಗ



ಊಟಿಗೆ ಹೋದಾಗ ಹೂದೋಟ ನೋಡಿರುತ್ತೀರಿ, ದೋಣಿಯಲ್ಲಿ ಕೂತಿರುತ್ತೀರಿ. ಮುಂದಿನ ಸಲ ಕೂನೂರಿನಲ್ಲೂ ಒಂದು ದಿನ ಇಳಿಯಿರಿ. ಅಲ್ಲಿ ಲ್ಯಾಂಬ್ಸ್ ರಾಕ್ ಕಡೆಯ ಬೆಟ್ಟದಲ್ಲಿ ‘ಲೇಡಿ ಕ್ಯಾನಿಂಗ್ಸ್ ಸೀಟ್’ ಅಂತ ಒಂದು ಜಾಗವಿದೆ. ಈಗ ಉಳಿದಿರುವುದು ಪಾಳುಬಿದ್ದ ಕಲ್ಲುಗೋಡೆ ಅಷ್ಟೆ. ಆದರೆ ಎದುರಿಗೆ ಟಿಪ್ಪುವಿನ ಕಾವಲುಕೋಟೆಯಿದ್ದ ದುರ್ಗದ ಬೆಟ್ಟ, ಕೆಳಗೆ ಕೊಯಮತ್ತೂರಿನ ಬಯಲು. ನೋಡಲು ಎರಡು ಕಣ್ಣು ಸಾಲವು!

ಷಾರ್ಲೆಟ್ ಕ್ಯಾನಿಂಗ್ ಗವರ್ನರ್ ಜನರಲ್‌ನ ಹೆಂಡತಿ. 1858ರಲ್ಲಿ, ಗಂಡ ಉತ್ತರದ ದಂಗೆಯ ಗಡಿಬಿಡಿಯಲ್ಲಿದ್ದಾಗ, ಈಕೆ ಕೂನೂರಿನಲ್ಲಿ ತಂಗಿದ್ದಳು. ಮಕ್ಕಳಿರಲಿಲ್ಲ. ಚಿತ್ರ ಬರೆಯುವುದೇ ಜೊತೆ. ಆಕೆ ಕೂತು ನೋಡಲೆಂದೇ ಇದನ್ನು ಕಟ್ಟಿದ್ದು ಎನ್ನುತ್ತಾರೆ. 1861ರಲ್ಲಿ, ಇನ್ನೇನು ತಾಯ್ನಾಡಿಗೆ ಹೊರಡಬೇಕು ಅನ್ನುವಾಗ, ಮಲೇರಿಯಾ ಬಂದು ಕಲ್ಕತ್ತೆಯಲ್ಲಿ ತೀರಿಕೊಂಡಳು. ಆಗ ವಯಸ್ಸು 44.

ಇಷ್ಟು ಕಥೆ ಹೇಳಿ ನನಗೇ ಕಣ್ಣು ತೇವವಾಗಿತ್ತು. ಜೊತೆಗಿದ್ದ ನಮ್ಮತ್ತೆಯವರು ಮಾತ್ರ ಕಲ್ಲಿನ ಮೇಲೆ ಕೂತು ಕೇಳಿದರು: “ಆಗ ರೈಲಿತ್ತೇನೇ?”

“ಇಲ್ಲಮ್ಮ, ಕೂನೂರಿಗೆ ರೈಲು ಬಂದಿದ್ದು 1899ರಲ್ಲಿ.”

“ಹಾಗಾದ್ರೆ ಅವಳನ್ನ ಬೆಟ್ಟ ಹತ್ತಿಸಿದೋರು ಯಾರು? ಈ ಕಲ್ಲು ಹೊತ್ತೋರು ಯಾರು? ಅವರಿಗೆ ಕೂರಕ್ಕೆ ಬಿಟ್ಟಿದ್ರಾ?”

ನಾನು ಸುಮ್ಮನಾದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಅಂದರು: “ನಲವತ್ತು ವರ್ಷ ಸಂಸಾರ ಮಾಡಿದೀನಿ. ಕೈಲಿ ಕೆಲಸವಿಲ್ಲದೆ ಹೀಗೆ ಕೂತಿದ್ದು ಇವತ್ತೇ ನೋಡು.”

ಆಡಿಕೊಂಡಿದ್ದಲ್ಲ, ಇದ್ದದ್ದನ್ನು ಹೇಳಿದರು. ಆದರೂ ನನಗೆ ಚುರ್ ಅಂತು. ಆ ನಲವತ್ತರಲ್ಲಿ ಹದಿನೈದು ವರ್ಷ ನಾನೂ ಅದೇ ಮನೆಯಲ್ಲಿದ್ದೆನಲ್ಲ!

ಊರಿಗೆ ಬಂದವಳೇ ಹಿತ್ತಿಲ ಬಾಗಿಲಿನ ಹತ್ತಿರ ಒಂದು ಕುರ್ಚಿ ಹಾಕಿದೆ. ಸಂಜೆ ಅರ್ಧ ಗಂಟೆ ಅದು ಅವರದ್ದು, ಯಾರೂ ಕರೆಯುವ ಹಾಗಿಲ್ಲ. ಮೊದಲ ವಾರ ಮೊರದಲ್ಲಿ ಅಕ್ಕಿ ಹಿಡಿದೇ ಬಂದು ಕೂರುತ್ತಿದ್ದರು. ಈಗ ಬರಿಗೈಲಿ ಬರುತ್ತಾರೆ. ಸಂಪಿಗೆ ಮರ ನೋಡುತ್ತಾರೆ. ನಿಮ್ಮ ಮನೆಯಲ್ಲಿ ಅಂಥ ಕುರ್ಚಿ ಯಾರಿಗೆ ಬೇಕು, ಯೋಚಿಸಿ. ನಿಮಗೇ ಬೇಕಿದ್ದರೆ ಸಂಕೋಚ ಬೇಡ!

ಅಂದಹಾಗೆ, ಬಂಗಾಳದ ‘ಲೇಡಿಕೇನಿ’ ಎಂಬ ಸಿಹಿಗೂ ಈಕೆಯದೇ ಹೆಸರು. ಒಂದು ಲೀಟರ್ ಹಾಲು ಕುದಿಸಿ, ನಿಂಬೆರಸ ಹಿಂಡಿ ಒಡೆಸಿ. ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, ನೀರೆಲ್ಲ ಹಿಂಡಿ. ಎರಡು ಚಮಚ ಮೈದಾ, ಒಂದು ಚಮಚ ಚಿರೋಟಿ ರವೆ ಸೇರಿಸಿ ನುಣ್ಣಗೆ ನಾದಿ. ನಡುವೆ ಏಲಕ್ಕಿ ಕಾಳಿಟ್ಟು ಉಂಡೆ ಕಟ್ಟಿ, ಸಣ್ಣ ಉರಿಯಲ್ಲಿ ಕೆಂಪಗೆ ಕರಿದು, ಬಿಸಿಯಾದ ತೆಳು ಸಕ್ಕರೆ ಪಾಕಕ್ಕೆ ಹಾಕಿ. ಎರಡು ಗಂಟೆ ನೆನೆಯಲಿ.

ಮಾಡಿದವರು ಮೊದಲ ಉಂಡೆಯನ್ನು ಕೂತೇ ತಿನ್ನಬೇಕು, ನಿಂತಲ್ಲ. ಒಪ್ಪಿಗೆಯೇ?